ಅಕ್ಕನ ಅಂಗೈಯ ಕೆಳಗೆ

ಹೋದ ವರ್ಷ ನಮ್ಮ ಮನೆತನದ ವಾಟ್ಸ್ಯಾಪ್ ಗ್ರೂಪಿನಲ್ಲಿ ಅಕ್ಕನ ಮಗ ಒಂದು ಫಾರ್ವರ್ಡ್ ಹಾಕಿದ್ದ. ಸೆಕ್ಯುಲರ್ ಮಂದಿಗೆ ಹಿಂದಿಲ್ಲ ಮುಂದಿಲ್ಲ, ಹೆತ್ತವರಿಗೂ ಆಗುವುದಿಲ್ಲ, ಒಡಹುಟ್ಟಿದವರಿಗೂ ಆಗುವುದಿಲ್ಲ ಎಂಬ ಅರ್ಥದ್ದು. ಕೆಳಗೆ ಯಾರೋ ಕೈಮುಗಿದ ಚಿತ್ರ ಹಾಕಿದರು, ಇನ್ಯಾರೋ ನಗುವ ಮುಖ ಹಾಕಿದರು. ಆಮೇಲೆ ಅವನಿಗೆ ನಾನೂ ಆ ಗ್ರೂಪಿನಲ್ಲಿದ್ದೇನೆ ಎಂಬುದು ನೆನಪಾಗಿರಬೇಕು, ಹತ್ತು ನಿಮಿಷದಲ್ಲಿ ಡಿಲೀಟ್ ಮಾಡಿದ. ಹಾಕಿದ್ದಕ್ಕಿಂತ ಡಿಲೀಟ್ ಮಾಡಿದ್ದೇ ನನಗೆ ಹೆಚ್ಚು ಚುಚ್ಚಿತು. ಅದು ಬೈಗುಳ, ಅದು ನನಗೆ ತಾಕುವಂಥದ್ದು ಎಂದು ಒಪ್ಪಿಕೊಂಡ ಹಾಗಾಯಿತಲ್ಲ.

ನನಗೀಗ ಎಪ್ಪತ್ನಾಲ್ಕು. ಹುಟ್ಟಿದ್ದು ಆಳಂದದಲ್ಲಿ, ತೊಗರಿ ವ್ಯಾಪಾರ ಮಾಡುತ್ತಿದ್ದ ಲಿಂಗವಂತರ ಮನೆಯಲ್ಲಿ. ಓದಿದ್ದು ಕಲಬುರಗಿಯ ಕಾನ್ವೆಂಟಿನಲ್ಲಿ. ಜೇವರ್ಗಿಯ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ರಿಟೈರ್ ಆದೆ, ಈಗಲೂ ಅಲ್ಲೇ ಇದ್ದೇನೆ. ನನಗಿಂತ ಐದು ವರ್ಷ ದೊಡ್ಡವಳು ಒಬ್ಬಳೇ ಅಕ್ಕ. ಏಳನೇ ಇಯತ್ತೆಗೆ ಅವಳ ಶಾಲೆ ಬಿಡಿಸಿ ಅಫಜಲಪುರದ ಕಡೆಯ ಅತನೂರಿಗೆ ಮದುವೆ ಮಾಡಿಕೊಟ್ಟರು. ನನ್ನನ್ನು ಮಾತ್ರ ಕಾನ್ವೆಂಟಿಗೆ ಯಾಕೆ ಕಳಿಸಿದರೆಂದು ಅವಳು ಅಪ್ಪನನ್ನು ಯಾವತ್ತೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೆ ಹೆಸರಿಡುವ ಮೊದಲೇ ಕೊರಳಿಗೆ ಲಿಂಗ ಕಟ್ಟುತ್ತಿದ್ದರು. ನನಗೂ ಕಟ್ಟಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು ಅರ್ಧ ತಾಸು ಕೂರಬೇಕು. ಅದಾಗುವವರೆಗೆ ಬಾಯಿಗೆ ನೀರೂ ಇಲ್ಲ. ಜ್ವರ ಬಂದ ದಿನ ಅವ್ವ ನನ್ನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಪೂಜೆ ಮುಗಿದ ಮೇಲೆಯೇ ಗುಳಿಗೆ ನುಂಗಿಸುತ್ತಿದ್ದಳು.

ಬಂಧು ಬಳಗದವರೆಲ್ಲ ಇವತ್ತಿಗೂ ಕಾನ್ವೆಂಟಿನ ಮೇಲೆ ತಪ್ಪು ಹೊರಿಸುತ್ತಾರೆ. ಸಿಸ್ಟರುಗಳು ತಲೆ ತಿರುಗಿಸಿದರು ಎನ್ನುತ್ತಾರೆ. ಅದು ಸುಳ್ಳು. ಗೇಮ್ಸ್ ಪೀರಿಯಡ್ಡಿನಲ್ಲಿ ಓಡುವಾಗ ನನ್ನ ಶಿವದಾರ ಯೂನಿಫಾರ್ಮಿನಿಂದ ಹೊರಬಿದ್ದು ಲಿಂಗ ಕುಣಿಯುವುದನ್ನು ಕಂಡು, ಒಬ್ಬ ವಯಸ್ಸಾದ ಸಿಸ್ಟರು ನನ್ನನ್ನು ಕರೆದು, ತಮ್ಮ ಕಿಸೆಯಿಂದ ಸೇಫ್ಟಿ ಪಿನ್ ತೆಗೆದು ದಾರವನ್ನು ಒಳಗಿನ ಅಂಗಿಗೆ ಸಿಕ್ಕಿಸಿದರು. ‘ಡೋಂಟ್ ಲೂಸ್ ಇಟ್, ಚೈಲ್ಡ್’ ಎಂದರು. ಆ ಪಿನ್ನು ಎಷ್ಟೋ ವರ್ಷ ನನ್ನ ಹತ್ತಿರ ಇತ್ತು.

ನನ್ನನ್ನು ಕೆಡಿಸಿದ್ದು, ಕೆಡಿಸಿತು ಎಂದೇ ಅನ್ನುವುದಾದರೆ, ಕಾನ್ವೆಂಟಿನ ಹಾಸ್ಟೆಲಿನ ಚಹಾ. ಚಹಾ ಆರಕ್ಕೆ ಬರುತ್ತಿತ್ತು, ಸ್ನಾನದ ಸರದಿ ಎಂಟಕ್ಕೆ. ಮೊದಲ ಚಳಿಗಾಲ ಪೂರ್ತಿ ನನ್ನ ಪಾಲಿನ ಚಹಾ ಆರಿ ಕೆನೆಗಟ್ಟುತ್ತಿತ್ತು. ಎರಡನೇ ಚಳಿಗಾಲದಲ್ಲಿ ಒಂದು ದಿನ ಕುಡಿದುಬಿಟ್ಟೆ. ದಿನವಿಡೀ ಏನಾದರೂ ಆದೀತೆಂದು ಕಾದೆ. ಏನೂ ಆಗಲಿಲ್ಲ, ಮ್ಯಾಥ್ಸ್ ಟೆಸ್ಟಿನಲ್ಲಿ ಒಳ್ಳೆಯ ಮಾರ್ಕ್ಸು ಬಂತು. ಇದನ್ನು ಹೇಳಿದಾಗೆಲ್ಲ ಜನ ನಗುತ್ತಾರೆ. ನಾಸ್ತಿಕಳಾಗುವುದಕ್ಕೆ ಏನಾದರೂ ದೊಡ್ಡ ಕಾರಣ ಬೇಕು, ಮನೆಯಲ್ಲೊಂದು ಸಾವೋ ದುಃಖವೋ ಆಗಿರಬೇಕು ಎಂದು ಅವರ ನಿರೀಕ್ಷೆ. ನನಗೆ ಅಂಥದ್ದೇನೂ ಆಗಿರಲಿಲ್ಲ.

ಚಹಾ ಕುಡಿದ ಮೇಲೂ ಹದಿನೈದು ಇಪ್ಪತ್ತು ವರ್ಷ ಪೂಜೆ ಬಿಡಲಿಲ್ಲ. ಮದುವೆಯಾಯಿತು, ನೌಕರಿ ಸಿಕ್ಕಿತು. ಜೇವರ್ಗಿಯ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತರೆ ಕಣ್ಣು ಗೋಡೆ ಗಡಿಯಾರದ ಮೇಲಿರುತ್ತಿತ್ತು, ತಲೆಯಲ್ಲಿ ಅವತ್ತಿನ ಪ್ರ್ಯಾಕ್ಟಿಕಲ್ ಕ್ಲಾಸು ನಡೆಯುತ್ತಿತ್ತು. ಒಂದು ವರ್ಷ ಹೀಗೇ ಕಳೆಯಿತು. ನಂಬಿದವರಂತೆ ಕಾಣಿಸಿಕೊಳ್ಳುತ್ತ ದಿನಾ ಅರ್ಧ ತಾಸು ನಾಟಕ ಮಾಡುತ್ತಿದ್ದೆ. ನನ್ನ ಗಂಡ ಒಳ್ಳೆಯ ಮನುಷ್ಯ, ಈಗಿಲ್ಲ. ‘ಯಾರಿಗೆ ಗೊತ್ತಾಗ್ತದ, ಕುಂದ್ರು’ ಎಂದರು. ನನಗೆ ಗೊತ್ತಾಗುತ್ತಿತ್ತು. ಮೂವತ್ಮೂರನೇ ವಯಸ್ಸಿನಲ್ಲಿ ಒಂದು ರವಿವಾರ ಆಳಂದಕ್ಕೆ ಹೋಗಿ, ಲಿಂಗವನ್ನು ಕರಡಿಗೆ ಸಮೇತ ಕೊರಳಿನಿಂದ ತೆಗೆದು ಅಪ್ಪನ ಮುಂದೆ ಇಟ್ಟೆ.

ಅಪ್ಪ ಅಂಗಡಿಯಿಂದ ಆಗತಾನೆ ಬಂದು ಕಾಲು ತೊಳೆದುಕೊಂಡಿದ್ದ. ಸಿಟ್ಟಾಗುತ್ತಾನೆ ಎಂದು ಏನೇನೋ ವಾದ ತಯಾರು ಮಾಡಿಕೊಂಡು ಹೋಗಿದ್ದೆ. ಅವನು ಕರಡಿಗೆಯನ್ನು ಕೈಗೆತ್ತಿಕೊಂಡು ಕೇಳಿದ್ದು ಒಂದೇ ಮಾತು.

“ಬೆಳಗಿನ ಅರ್ಧ ತಾಸು ಖಾಲಿ ಆತಲ್ಲ ಅವ್ವ. ಅದಕ್ಕ ಏನ್ ಮಾಡಾಕಿ?”

ಓದುತ್ತೇನೆ ಎಂದೆ, ಬಾಯಿಗೆ ಬಂದದ್ದು ಅದೇ.

“ದಿನಾ ಕುಂದರಬೇಕು ಮತ್ತ. ಕುಂತಿ ಅಂದ್ರ ವಿಚಾರ ಮಾಡಿ ಬಿಟ್ಟಿ ಅಂತೇನಿ. ಕುಂದರಲಿಲ್ಲ ಅಂದ್ರ ಮೈಗಳ್ಳಿ ಅಂತೇನಿ.”

ಅಷ್ಟೇ. ಎದ್ದು ಹೋಗಿ ಊಟಕ್ಕೆ ಕೂತ. ಅವ್ವ ಮೂರು ತಿಂಗಳು ಮಾತು ಬಿಟ್ಟಳು. ಆದರೆ ಅಪ್ಪ ಬರೆಯುತ್ತಿದ್ದ ಪ್ರತಿ ಕಾಗದದ ಕೊನೆಯ ಸಾಲು ಅವನು ಇರುವವರೆಗೂ ಒಂದೇ ಆಗಿತ್ತು: ಕುಂದರ್ತಿ ಇಲ್ಲ? ನಾನು ಕೂತೆ. ನಲವತ್ತೊಂದು ವರ್ಷದಿಂದ ಕೂರುತ್ತಿದ್ದೇನೆ. ಬೆಳಿಗ್ಗೆ ಆರೂವರೆಯಿಂದ ಏಳು. ಓದಲು ಮನಸ್ಸಿಲ್ಲದ ದಿನ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದೇನೆ. ಗಂಡನನ್ನು ಮಣ್ಣು ಮಾಡಿ ಬಂದ ಮರುದಿನವೂ ಕೂತಿದ್ದೇನೆ. ಒಂದೂ ದಿನ ಅಬ್ಸೆಂಟ್ ಆಗಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ.

ಜೇವರ್ಗಿಯಲ್ಲಿ ನನ್ನಂಥವಳಿಂದ ಯಾರಿಗೂ ತೊಂದರೆಯಾದದ್ದು ನನಗೆ ನೆನಪಿಲ್ಲ. ಕಾಲೇಜಿನಲ್ಲಿ ಹಬ್ಬದ ಹಿಂದುಮುಂದಿನ ದಿನ, ರಂಜಾನಿಗೆ ಒಬ್ಬರ ಇನ್ವಿಜಿಲೇಶನ್ ಡ್ಯೂಟಿ, ಉಗಾದಿಗೆ ಇನ್ನೊಬ್ಬರದು, ಕ್ರಿಸ್‌ಮಸ್ಸಿಗೆ ಮತ್ತೊಬ್ಬರದು, ಎಲ್ಲ ನನ್ನ ತಲೆಗೆ ಬರುತ್ತಿತ್ತು. ಹಬ್ಬ ಇಲ್ಲದಾಕಿ ಎಂದು ಸ್ಟಾಫ್ ರೂಮಿನಲ್ಲಿ ಹೆಸರೇ ಇಟ್ಟಿದ್ದರು. ಪಕ್ಕದ ಮನೆಯ ಬೇಗಂ ನಮಾಜಿಗೆ ಕೂರುವ ಮೊದಲು ಇವತ್ತಿಗೂ ಗೋಡೆಯಾಚೆಯಿಂದ ಕೂಗುತ್ತಾಳೆ, ‘ಬಾಜಿ, ಹಾಲ್ ಇಟ್ಟೇನಿ, ಜರಾ ನೋಡ್ರಿ’. ನಾನು ಹೋಗಿ ನೋಡುತ್ತೇನೆ. ಹಾಲು ಉಕ್ಕಲು ಬಿಟ್ಟದ್ದಿಲ್ಲ.

ಆದರೆ ಅಕ್ಕನ ವಿಷಯದಲ್ಲಿ ನನ್ನ ಜಂಬ ಕೆಲಸಕ್ಕೆ ಬರುತ್ತಿರಲಿಲ್ಲ. ನಾನು ಲಿಂಗ ತೆಗೆದ ದಿನದಿಂದ ಅವಳು ನನ್ನ ಕೈಯಿಂದ ಒಂದು ತುತ್ತು ತಿನ್ನಲಿಲ್ಲ. ಕೊರಳಲ್ಲಿ ಲಿಂಗ ಇಲ್ಲದವರ ಕೈಯೂಟ ಅವಳಿಗೆ ನಡೆಯುವುದಿಲ್ಲ. ವರ್ಷಕ್ಕೆ ಎರಡು ಸಲ ಜೇವರ್ಗಿಗೆ ಬರುತ್ತಿದ್ದಳು. ನನ್ನ ಜೊತೆ ಒಂದೇ ಕೌದಿಯಲ್ಲಿ ಮಲಗುತ್ತಿದ್ದಳು, ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಊಟದ ಹೊತ್ತಿಗೆ ಮಾತ್ರ ಚೀಲದಿಂದ ಬಿಳಿ ಬಟ್ಟೆಯ ಗಂಟು ಹೊರಬರುತ್ತಿತ್ತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅತನೂರಿನ ಬಾವಿಯ ನೀರು. ಈಚೆಗೆ ಭಾರ ಹೊರಲಾರದೆ ಬಸ್ ಸ್ಟ್ಯಾಂಡಿನಲ್ಲಿ ಮಿನರಲ್ ವಾಟರ್ ಬಾಟಲಿ ಕೊಳ್ಳುತ್ತಿದ್ದಳು. ಆ ಬಾಟಲಿ ತುಂಬಿದವನ ಕೊರಳಲ್ಲಿ ಲಿಂಗ ಇತ್ತೇನು ಎಂದು ಒಮ್ಮೆ ಕೇಳಿದೆ.

“ಅಂವ ನನಗ ಕಾಣಂಗಿಲ್ಲ ಬೇ. ನೀ ಕಾಣ್ತಿ,” ಎಂದಳು.

ನಾನು ನಕ್ಕೆ. ಆದರೆ ಅವಳು ಬರುವ ದಿನ ನಾನೂ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದೆ, ಪ್ರತಿ ಸಲವೂ. ಅವು ಸಂಜೆ ಬೇಗಂನ ಮನೆಗೆ ಹೋಗುತ್ತಿದ್ದವು.

ಈ ವರ್ಷ ಹಿಂಗಾರಿ ಬಿತ್ತನೆಯ ಹೊತ್ತಿಗೆ ಅಕ್ಕನಿಗೆ ಲಕ್ವಾ ಹೊಡೆಯಿತು. ಎಡಗೈ ಎಡಗಾಲು ಹೋದವು. ಕಲಬುರಗಿಯ ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟು ಮನೆಗೆ ಕಳಿಸಿದರು. ನಾನು ನೋಡಿ ಬಂದ ಮೇಲೆ ಒಂದು ವಾರಕ್ಕೆ ಅವಳ ಸೊಸೆಯ ಫೋನು ಬಂತು. ನಿನ್ನೆ ಬೆಳಿಗ್ಗೆಯಿಂದ ಅತ್ತೆ ಏನೂ ಮುಟ್ಟಿಲ್ಲ, ನೀರೂ ಇಲ್ಲ, ಗುಳಿಗೆಯೂ ಇಲ್ಲ, ನಿಮ್ಮನ್ನೇ ಕರೆಯುತ್ತಿದ್ದಾರೆ ಎಂದಳು. ಆಧಾರ್ ಕಾರ್ಡು ತೋರಿಸಿ ಜೀರೊ ಟಿಕೆಟ್ಟಿನಲ್ಲಿ ಕಲಬುರಗಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಅತನೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ದಾರಿಯುದ್ದಕ್ಕೂ ಕೊನೆಯ ಸಲ ಮುಖ ನೋಡಲು ಕರೆದಿದ್ದಾಳೆ ಎಂದೇ ತಿಳಿದಿದ್ದೆ.

ಆದದ್ದು ಇದು. ಅಕ್ಕನಿಗೆ ಬಲಗೈ ನೆಟ್ಟಗಿದೆ, ಲಿಂಗ ತೆಗೆದು ಎಡ ಅಂಗೈಗೆ ತಾನೇ ಇಟ್ಟುಕೊಳ್ಳಬಲ್ಲಳು. ಎಡಗೈ ಮಾತ್ರ ನಿಲ್ಲುವುದಿಲ್ಲ, ಒಂದು ಬದಿಗೆ ವಾಲುತ್ತದೆ. ಅದಕ್ಕೆ ಸೊಸೆ ದಿನಾ ಆ ಕೈಯನ್ನು ಕೆಳಗಿನಿಂದ ಹಿಡಿಯುತ್ತಿದ್ದಳು. ಹಿಂದಿನ ದಿನ ಬೆಳಿಗ್ಗೆ ಅವಳ ಕೈ ನಡುಗಿ, ಲಿಂಗ ಜಾರಿ, ಪೂಜೆಯ ತಾಟಿನ ಅಂಚಿಗೆ ಬಡಿದು ನೆಲಕ್ಕೆ ಬಿತ್ತು. ಲಿಂಗ ಬೀಳುವುದೆಂದರೆ ನಮ್ಮವರಲ್ಲಿ ಸಣ್ಣ ಮಾತಲ್ಲ. ಹಳಬರು ಲಿಂಗ ಕಳೆದುಕೊಂಡರೆ ಜೀವ ಬಿಡುತ್ತಿದ್ದರೆಂಬ ಕಥೆ ಕೇಳಿ ಬೆಳೆದವರು ನಾವು. ಐನೋರು, ಎಂದರೆ ಮನೆಯ ಪೂಜಾರಿ ಸ್ವಾಮಿಗಳು, ಬಂದು ಮಾಡಬೇಕಾದ ಶಾಂತಿ ಮಾಡಿ, ಇನ್ನು ಪೂಜೆ ನಡೆಸಬಹುದು ಎಂದರು. ಸೊಸೆ ಮಾತ್ರ ನಾನು ಮತ್ತೆ ಮುಟ್ಟಲಾರೆ, ನನ್ನ ಕೈ ಪಾಪಿ ಎಂದು ಮೂಲೆ ಸೇರಿದಳು. ಮಗ ಹಿಡಿದ. ಅವನ ಕೈ ಅವಳಿಗಿಂತ ಹೆಚ್ಚು ನಡುಗಿತು. ಅಕ್ಕ ಪೂಜೆಯಿಲ್ಲದೆ ಬಾಯಿ ತೆರೆಯಲೊಲ್ಲಳು.

ನಾನು ಹೋದಾಗ ಐನೋರು ಪಡಸಾಲೆಯಲ್ಲಿ ಕೂತಿದ್ದರು. ಒಳಗೆ ಅಕ್ಕ ಗೋಡೆಗೆ ಆನಿಸಿದ ದಿಂಬಿಗೆ ಒರಗಿದ್ದಳು, ತುಟಿ ಒಣಗಿ ಬಿಳಿಚಿಕೊಂಡಿತ್ತು. ಮಾತು ಸ್ವಲ್ಪ ತೊದಲುತ್ತಿತ್ತು.

“ಜಳಕ ಮಾಡಿ ಬಾ,” ಎಂದಳು. “ನಿನ್ನ ಕೈ ನನ್ನ ಕೈ ಕೆಳಗ ಇಡಬೇಕು. ಅರ್ಧ ತಾಸು.”

ಐನೋರು ಮೆಲ್ಲಗೆ ಕೆಮ್ಮಿದರು. ಲಿಂಗವಿಲ್ಲದವರನ್ನು ಭವಿ ಎನ್ನುವ ಒಂದು ಮಾತು ನಮ್ಮಲ್ಲಿದೆ, ಅದು ಅವರ ಗಂಟಲವರೆಗೆ ಬಂದದ್ದು ನನಗೆ ಕಾಣಿಸಿತು. ಅದನ್ನು ನುಂಗಿ, ಮೇಡಂ ಅವರು ದೊಡ್ಡವರು, ಆದರೆ ಅಂಗದ ಮೇಲೆ ಲಿಂಗ ಇಲ್ಲದವರು ಪೂಜೆಯ ಕೈಗೆ ಕೈ ಹಚ್ಚುವ ರೂಢಿ ಇಲ್ಲ ಎಂದರು. ಅವರನ್ನು ನಾನು ಬೈಯಲಾರೆ. ಅವರು ತಮ್ಮ ಪಾಠವನ್ನು ಸರಿಯಾಗಿಯೇ ಓದಿದ್ದರು.

ಆಗ ಅಕ್ಕನ ಮಗ ಗೋಡೆಯಲ್ಲಿದ್ದ ದೇವರ ಮಾಡದ ಕಡೆ ಹೋದ. ಬರುವಾಗ ಅವನ ಕೈಯಲ್ಲಿ ಒಂದು ಬೆಳ್ಳಿಯ ಕರಡಿಗೆ ಇತ್ತು. ಮುಚ್ಚಳದ ಮೇಲೊಂದು ತಗ್ಗು, ನಾನು ಆರನೇ ಇಯತ್ತೆಯಲ್ಲಿ ಬಾಗಿಲ ಸಂದಿಗೆ ಸಿಕ್ಕಿಸಿ ಮಾಡಿದ್ದು. ನನ್ನದು. ಅಪ್ಪ ಸಾಯುವ ಮೊದಲು ಅಕ್ಕನ ಕೈಗೆ ಕೊಟ್ಟಿದ್ದನಂತೆ. ನನಗೆ ಈ ವಿಷಯ ಅವತ್ತಿನವರೆಗೂ ಗೊತ್ತಿರಲಿಲ್ಲ. ದಾರ ಹೊಸದಿತ್ತು. ಅಕ್ಕ ವರ್ಷವರ್ಷವೂ ಬದಲಿಸುತ್ತಿದ್ದಳಂತೆ.

“ಸಣ್ಣವ್ವ, ಇದು ನಿಮ್ದೇ ಅಲ್ರಿ,” ಎಂದ ಅವನು. “ನಾಕ್ ದಿನ ಕೊರಳಾಗ ಹಾಕ್ಕೋರಿ. ಅವ್ವ ಉಣ್ಣಲಿ. ಆಮ್ಯಾಲ ತೆಗೀರಿ, ಯಾರ್ ಕೇಳ್ತಾರ?”

ಐನೋರೂ ತಲೆಯಾಡಿಸಿದರು. ಸೊಸೆ ಬಾಗಿಲ ಮರೆಯಿಂದ ನನ್ನನ್ನೇ ನೋಡುತ್ತಿದ್ದಳು. ಕರಡಿಗೆಯನ್ನು ನಾನು ಕೈಗೆ ತೆಗೆದುಕೊಂಡೆ, ಅದನ್ನು ಮುಚ್ಚಿಡುವುದಿಲ್ಲ. ತಣ್ಣಗಿತ್ತು, ನನಗೆ ನೆನಪಿದ್ದದ್ದಕ್ಕಿಂತ ಹಗುರಾಗಿತ್ತು. ಅವ್ವನ ದಿಂಬು, ಸಿಸ್ಟರಿನ ಸೇಫ್ಟಿ ಪಿನ್ನು ಎಲ್ಲ ನೆನಪಾದವು. ದಾರವನ್ನು ತಲೆಯ ಮೇಲಿಂದ ಇಳಿಸಿದರೆ ಮುಗಿಯಿತು, ಅಕ್ಕ ನೀರು ಕುಡಿಯುತ್ತಾಳೆ. ಬೇರೆ ಯಾವ ಹೆಂಗಸಾದರೂ ಹಾಗೆ ಮಾಡುತ್ತಿದ್ದಳೇನೋ. ನಾನು ಅದನ್ನು ಅವನಿಗೆ ತಿರುಗಿ ಕೊಟ್ಟೆ.

“ನಾಕ್ ದಿನಕ್ಕ ಕಟ್ಟಿಕೊಂಡು ತೆಗದ್ರ ಇದನ್ನ ಆಟದ ಸಾಮಾನು ಮಾಡಿದಂಗ ಆಗ್ತದಪ್ಪ. ನಾ ಬಿಟ್ಟಾಕಿ. ಹೀಯಾಳಸಾಕಿ ಅಲ್ಲ.”

“ಹಂಗಾದ್ರ ನಿಮ್ಮ ಹಟ ದೊಡ್ಡದೋ, ಅವ್ವನ ಜೀವ ದೊಡ್ಡದೋ?”

ಅವನು ಡಿಲೀಟ್ ಮಾಡಿದ ಫಾರ್ವರ್ಡು ನನ್ನ ಕಣ್ಣ ಮುಂದೆ ಬಂತು. ಒಡಹುಟ್ಟಿದವರಿಗೂ ಆಗುವುದಿಲ್ಲ. ಒಂದು ದಾರಕ್ಕಾಗಿ ನಾನು ಅಕ್ಕನನ್ನು ಉಪವಾಸ ಕೆಡವುತ್ತಿದ್ದೇನೆಯೇ ಎಂದು ನಿಜವಾಗಿಯೂ ಹೆದರಿದೆ. ಇನ್ನೊಂದು ನಿಮಿಷ ಯಾರೂ ಮಾತಾಡದೆ ಇದ್ದಿದ್ದರೆ ಕೈ ಚಾಚಿ ಮತ್ತೆ ಇಸಿದುಕೊಳ್ಳುತ್ತಿದ್ದೆನೋ ಏನೋ, ಆಣೆ ಮಾಡಿ ಹೇಳಲಾರೆ.

ಮಾತಾಡಿದವಳು ಅಕ್ಕ.

“ಅದನ್ನ ಇದ್ದಲ್ಲೇ ಇಡು,” ಎಂದು ಮಗನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಒಂದೊಂದೇ ಮಾತು ಹೊರಗೆ ತರುವುದಕ್ಕೆ ಅವಳಿಗೆ ಕಷ್ಟವಾಗುತ್ತಿತ್ತು. “ಇವ್ರ ಕೈ ಯಾಕ ನಡುಗ್ತಾವ ಹೇಳು? ಬಿದ್ದೀತು ಅಂತ ಅಂಜತಾರ. ಸೊಸಿ ಅಂಜತಾಳ, ಮಗ ಅಂಜತಾನ. ನಿನಗ ಅದು ಕಲ್ಲು. ಕಲ್ಲಿಗಿ ಯಾಕ ಅಂಜತಿ? ಅದಕ್ಕ ಕರದೀನಿ. ಸುಳ್ಳ ಕಟ್ಟಿಕೊಂಡಿದ್ರ ನಿನ್ನ ಕೈನೂ ನಡುಗ್ತಿತ್ತು.”

ಐನೋರು ಏನೋ ಹೇಳಲು ಬಾಯಿ ತೆರೆದರು. ಅಕ್ಕ ಅವರನ್ನೂ ಬಿಡಲಿಲ್ಲ.

“ಐನೋರ, ಪೂಜಿ ತಾಟಿಗಿ ಲಿಂಗ ಕಟ್ಟೀರೇನ್ರಿ? ಅದೂ ಕೆಳಗ ಇರ್ತದಲ್ಲ. ಈಕಿನೂ ಹಂಗ ಅಂತ ತಿಳೀರಿ.”

ನನ್ನನ್ನು ತಾಟು ಮಾಡಿಬಿಟ್ಟಳು. ಐನೋರಿಗೆ ನಗು ತಡೆಯಲಾಗಲಿಲ್ಲ. ಶಲ್ಯ ಹೆಗಲಿಗೆ ಹಾಕಿಕೊಂಡು, ನಿಮ್ಮ ಅಂಗೈ, ನಿಮ್ಮ ಲಿಂಗ, ನಾ ನಡುವೆ ಬರುವವನಲ್ಲ ಎಂದು ಎದ್ದು ಹೋದರು.

ನಾನು ಸ್ನಾನ ಮಾಡಿ ಬಂದೆ. ಮೂವತ್ತೈದು ವರ್ಷ ಲ್ಯಾಬಿನಲ್ಲಿ ಬ್ಯುರೆಟ್ ಎಂಬ ಗಾಜಿನ ಕೊಳವೆಯ ನಲ್ಲಿ ಹಿಡಿದು ಒಂದೊಂದೇ ಹನಿ ಬಿಟ್ಟ ಕೈ ನನ್ನದು. ಒಂದು ಹನಿ ಹೆಚ್ಚಾದರೂ ದ್ರಾವಣ ಕೆಂಪಾಗಿ ಎಲ್ಲ ಹಾಳು. ಮೊಣಕೈಯನ್ನು ಮೊಣಕಾಲಿಗೆ ಆನಿಸಿ, ಅಂಗೈ ಮೇಲೆ ಅಕ್ಕನ ಎಡಗೈ ಇರಿಸಿಕೊಂಡೆ. ಆ ಕೈ ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ಅವಳು ಬಲಗೈಯಿಂದ ಬಟ್ಟೆ ಬಿಚ್ಚಿ ಲಿಂಗ ಇಟ್ಟಳು, ನೀರೆರೆದಳು, ವಿಭೂತಿ ಹಚ್ಚಿದಳು, ಒಂದು ಪತ್ರಿ ಏರಿಸಿದಳು. ನೀರು ಅವಳ ಬೆರಳ ಸಂದಿನಿಂದ ಇಳಿದು ನನ್ನ ಅಂಗೈ ತೋಯಿಸಿತು. ಅವಳು ಲಿಂಗವನ್ನು ನೋಡುತ್ತಿದ್ದಳು. ನಾನು ಅವಳ ಮುಂಗೈಯ ನರ ಹೊಡೆದುಕೊಳ್ಳುವುದನ್ನು ನೋಡುತ್ತಿದ್ದೆ. ನನಗೆ ದೇವರೇನೂ ಕಾಣಲಿಲ್ಲ, ಕಂಡಿತೆಂದು ಬರೆದರೆ ಓದುವವರಿಗೆ ಹಿತವಾದೀತು, ಆದರೆ ಕಾಣಲಿಲ್ಲ. ಕೈ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಪೂಜೆ ಮುಗಿದು ಅವಳು ತೀರ್ಥ ಕುಡಿದಾಗ ಬಾಗಿಲಲ್ಲಿ ನಿಂತಿದ್ದ ಮಗ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ. ಸೊಸೆ ಮೆತ್ತಗೆ ಬೇಯಿಸಿದ ಜೋಳದ ನುಚ್ಚು ತಂದಿಟ್ಟಳು. ನಾನು ಹತ್ತಿರ ಇದ್ದೆನಲ್ಲ, ಬಟ್ಟಲು ತೆಗೆದುಕೊಂಡು ಚಮಚೆ ಅವಳ ಬಾಯಿಯ ಹತ್ತಿರ ಒಯ್ದೆ.

“ಸೊಸಿ ಉಣಸ್ತಾಳ,” ಎಂದಳು ಅಕ್ಕ.

ಬಟ್ಟಲು ಸೊಸೆಯ ಕೈಗೆ ಕೊಟ್ಟೆ. ನೋವಾಯಿತು, ಇಲ್ಲವೆನ್ನುವುದಿಲ್ಲ. ಪಡಸಾಲೆಗೆ ಬಂದು ಕೂತು ಒಂದು ಲೋಟ ನೀರು ಕುಡಿದೆ. ಕುಡಿಯುತ್ತ ಕುಡಿಯುತ್ತ ಆ ನೋವಿನ ಜಾಗಕ್ಕೆ ಬೇರೆ ಏನೋ ಬಂತು. ಒಂದೂವರೆ ದಿನದ ಹಸಿವಿನಲ್ಲಿ, ಕೈ ಹಿಡಿದ ತಂಗಿಯ ಮುಲಾಜಿಗಾದರೂ, ಒಂದು ಸಲ ಅವಳು ತಿನ್ನಬಹುದಿತ್ತು. ತಿನ್ನಲಿಲ್ಲ. ನಾನು ಕಟ್ಟಿಕೊಳ್ಳಲಿಲ್ಲ, ಅವಳು ತಿನ್ನಲಿಲ್ಲ. ಒಂದೇ ಅಪ್ಪನ ಮಕ್ಕಳು ನಾವು ಎಂದು ನನಗೆ ಅವತ್ತಿನಷ್ಟು ಯಾವತ್ತೂ ಅನ್ನಿಸಿರಲಿಲ್ಲ.

ಹನ್ನೊಂದು ದಿನ ಅಲ್ಲಿದ್ದೆ. ನನ್ನ ಅರ್ಧ ತಾಸು, ಅವಳ ಅರ್ಧ ತಾಸು ಒಂದೇ ಆಯಿತು. ನಾಲ್ಕನೇ ದಿನದಿಂದ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಸಲ ಲ್ಯಾಬಿಗೆ ಬಂದ ಹುಡುಗಿಗೆ ಹೇಳಿಕೊಡುವಂತೆ ಹೇಳಿಕೊಟ್ಟೆ. ಭುಜ ಸಡಿಲು ಬಿಡು, ಮೊಣಕೈಗೆ ಆಧಾರ ಕೊಡು, ಉಸಿರು ಹಿಡಿಯಬೇಡ. ‘ಬಿದ್ರ ಏನ್ ಮಾಡೂದ್ರಿ ಸಣ್ಣತ್ತಿ’ ಎಂದು ಅವಳು ಕೇಳಿದಳು. ಕೆಳಗೆ ಮಡಚಿದ ಕೌದಿ ಹಾಸಿದೆ. ಮೂವತ್ತೈದು ವರ್ಷ ಗಾಜಿನ ಸಾಮಾನಿನ ಜೊತೆ ಕಳೆದವಳಿಗೆ ಇಷ್ಟು ಹೊಳೆಯದಿದ್ದೀತೇ. ಇದು ಮೊದಲೇ ಯಾಕೆ ತೋಚಲಿಲ್ಲ ಎಂದು ಅವಳೇ ನಕ್ಕಳು. ಹತ್ತನೇ ದಿನ ನಾನು ಕೈ ತೆಗೆದೆ, ಅವಳು ಹಿಡಿದಳು. ನಡುಗಲಿಲ್ಲ.

ಬಸ್ಸಿಗೆ ಬಿಡಲು ಅಕ್ಕನ ಮಗ ಬಂದಿದ್ದ. ಮೊಬೈಲ್ ತಿರುವುತ್ತ, ಹೋದ ವರ್ಷದ ಆ ಮೆಸೇಜು ನೀವು ಓದಿದ್ದಿರೇನು ಎಂದು ಕೇಳಿದ. ಓದಿದ್ದೆ ಎಂದೆ.

“ನಿಮಗಂತ ಹಾಕಿದ್ದಲ್ರಿ ಸಣ್ಣವ್ವ.”

“ಗೊತ್ತದ. ನನ್ನಂಥವ್ರಿಗಂತ ಹಾಕಿದ್ದಿ.”

ಬಸ್ಸು ಬಂದಾಗ ಅವನು ನನಗಿಂತ ಮೊದಲು ಹತ್ತಿ ಕಿಟಕಿಯ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿದುಕೊಟ್ಟ. ಚೀಲದಲ್ಲಿ ಸೊಸೆ ಕಟ್ಟಿದ ಬುತ್ತಿ ಇತ್ತು. ಅವರ ಮನೆಯ ರೊಟ್ಟಿ ನನಗೆ ಯಾವತ್ತೂ ನಡೆಯುತ್ತದೆ. ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ಕೂತು ಪೂರ್ತಿ ತಿಂದೆ.

ಸೆಕ್ಯುಲರ್ ಆಗುವುದು ಕೆಟ್ಟದ್ದೇ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ದೊಡ್ಡ ಭಾಷಣವಿಲ್ಲ. ಕೈ ತೋರಿಸುತ್ತೇನೆ. ಈಗ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಫೋನು ಬರುತ್ತದೆ. ಸೊಸೆ ಅಕ್ಕನ ಕಿವಿಗೆ ಹಿಡಿದಿರುತ್ತಾಳೆ. ಆ ಕಡೆಯಿಂದ ಸ್ವಲ್ಪ ಸೊಟ್ಟಗಾದ ದನಿ, ಆದರೆ ಪ್ರಶ್ನೆ ಅಪ್ಪನದೇ.

“ಕುಂತಿ ಇಲ್ಲ ಬೇ?”

“ಕುಂತೇನಿ. ನೀ?”

“ನಾನೂ ಕುಂದರಾಕತ್ತೇನಿ,” ಎನ್ನುತ್ತಾಳೆ. ಫೋನು ಇಡುತ್ತೇವೆ. ನಾನು ಪುಸ್ತಕ ತೆರೆಯುತ್ತೇನೆ.